ಅವರ ಜೀವ, ನಮ್ಮ ಪಾಲಿಸಿ

ಬ್ಯಾಂಕಿನ ಪತ್ರದಲ್ಲಿ ಹದಿನಾಲ್ಕು ಷರತ್ತುಗಳಿದ್ದವು. ಅವುಗಳಲ್ಲಿ ಒಂಬತ್ತನೆಯದು ನನ್ನ ಮೇಜಿಗೆ ಬಂತು.

ಮಾದನಾಯಕನಹಳ್ಳಿಯಲ್ಲಿ ಕಂಪನಿ ಕಟ್ಟಬೇಕೆಂದಿದ್ದ ಎರಡನೇ ಘಟಕಕ್ಕೆ ಸಾಲ ಕೊಡಲು ಬ್ಯಾಂಕು ಒಪ್ಪಿತ್ತು. ಆದರೆ ಯಾರಿಲ್ಲದಿದ್ದರೆ ಕಾರ್ಖಾನೆ ನಿಂತುಹೋಗುತ್ತದೋ ಅಂಥ ಒಬ್ಬ ಹಿರಿಯ ಅಧಿಕಾರಿಯ ಜೀವದ ಮೇಲೆ ಕಂಪನಿ ತನ್ನ ಹೆಸರಿನಲ್ಲಿ ವಿಮೆ ಮಾಡಿಸಬೇಕಿತ್ತು. ಇದನ್ನು ಕೀಮ್ಯಾನ್ ಪಾಲಿಸಿ ಎನ್ನುತ್ತಾರೆ. ಕಂತು ಕಟ್ಟುವುದು ಕಂಪನಿ. ಆ ಮನುಷ್ಯ ತೀರಿಕೊಂಡರೆ ಹಣ ಬರುವುದೂ ಕಂಪನಿಗೆ. ಅವರ ಮನೆಯವರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ.

ನಾನು ಆಗ ಪೀಣ್ಯ ಎರಡನೇ ಹಂತದ ಆ ಕಾರ್ಖಾನೆಯಲ್ಲಿ ಎಚ್‌ಆರ್ ಮ್ಯಾನೇಜರ್ ಆಗಿದ್ದೆ. ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚುಗಳನ್ನು, ಅಂದರೆ ಡೈಗಳನ್ನು, ನಾವು ತಯಾರಿಸುತ್ತಿದ್ದೆವು. ವಿಮೆಯನ್ನು ಎಂಡಿಯವರ ಜೀವದ ಮೇಲೆಯೇ ಮಾಡಿಸಬಹುದಲ್ಲ ಎಂದು ಮೊದಲು ವಿಮಾ ಬ್ರೋಕರ್‌ನನ್ನು ಕೇಳಿದೆ. ಆಗುವುದಿಲ್ಲ ಎಂದ. ಬಹುಪಾಲು ಷೇರುಗಳು ಅವರ ಕುಟುಂಬದ ಕೈಯಲ್ಲೇ ಇರುವುದರಿಂದ ಅವರು ಮಾಲೀಕರ ಲೆಕ್ಕಕ್ಕೆ ಬರುತ್ತಾರೆ, ನೌಕರರ ಲೆಕ್ಕಕ್ಕಲ್ಲ.

ಉಳಿದದ್ದು ಒಂದೇ ಹೆಸರು. ನಮ್ಮ ಟೂಲಿಂಗ್ ವಿಭಾಗದ ಜನರಲ್ ಮ್ಯಾನೇಜರ್. ಗದಗದ ಕಡೆಯವರು. ಐಟಿಐ ಮುಗಿಸಿ ಫಿಟ್ಟರ್ ಆಗಿ ಸೇರಿದವರು ಇಪ್ಪತ್ತಾರು ವರ್ಷಗಳಲ್ಲಿ ಇಡೀ ಟೂಲ್‌ರೂಮಿನ ಯಜಮಾನರಾಗಿದ್ದರು. ಜರ್ಮನಿಯಿಂದ ಬಂದ ಡ್ರಾಯಿಂಗನ್ನು ಹತ್ತು ನಿಮಿಷ ನೋಡಿ, ಇದರ ಮೂರನೇ ಸ್ಟೇಜಿನಲ್ಲಿ ತಗಡು ಹರಿಯುತ್ತದೆ ಎಂದು ಹೇಳಬಲ್ಲವರು. ಸಹಿ ಮಾತ್ರ ಕನ್ನಡದಲ್ಲಿ ಹಾಕುತ್ತಿದ್ದರು. ಚೆಕ್ಕಿಗೂ ಅದೇ, ಪಾಸ್‌ಪೋರ್ಟಿಗೂ ಅದೇ.

ಕಾಗದಪತ್ರದ ಕೆಲಸ ಸಣ್ಣದಲ್ಲ. ಬೋರ್ಡಿನ ನಿರ್ಣಯ ಬೇಕು, ಆಡಿಟ್ ಆದ ಲೆಕ್ಕಪತ್ರ ಬೇಕು, ಅವರ ನೇಮಕಾತಿ ಪತ್ರ ಬೇಕು. ಜೊತೆಗೆ ಈ ವ್ಯಕ್ತಿ ಕಂಪನಿಗೆ ಯಾಕೆ ಅನಿವಾರ್ಯ ಎಂದು ವಿಮಾ ಕಂಪನಿಗೆ ಒಪ್ಪಿಗೆಯಾಗುವಂತೆ ಎರಡು ಪುಟ ಬರೆದುಕೊಡಬೇಕು. ಆ ಎರಡು ಪುಟ ಬರೆದವಳು ನಾನೇ. ಅವರು ಇಲ್ಲದಿದ್ದರೆ ಯಾವ ಯಾವ ಆರ್ಡರ್ ನಿಲ್ಲುತ್ತದೆ, ಅವರ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡಲು ಎಷ್ಟು ಕಾಲ ಬೇಕು ಎಲ್ಲವನ್ನೂ ಬರೆದೆ. ಬರೆಯುವಾಗ ನಗು ಬಂತು. ಅದೇ ವರ್ಷದ ಅಪ್ರೈಸಲ್‌ನಲ್ಲಿ ಎಂಡಿಯವರು ಹೇಳಿದಂತೆ ಅವರಿಗೆ 'ನಿರೀಕ್ಷೆಗೆ ತಕ್ಕಂತೆ ಇದ್ದಾರೆ' ಎಂದು ಬರೆದಿದ್ದವಳೂ ನಾನೇ. ಮನುಷ್ಯನ ಬೆಲೆ ಅವನ ಸಾವಿನ ಫಾರಂನಲ್ಲಿ ಮಾತ್ರ ಪೂರ್ತಿ ಬರೆಯಲು ನನಗೆ ಅನುಮತಿ ಇತ್ತು.

ಇಷ್ಟೆಲ್ಲ ಆದ ಮೇಲೂ ಅವರ ಸಮ್ಮತಿ ಇಲ್ಲದೆ ಏನೂ ನಡೆಯುವುದಿಲ್ಲ. ಯಾರ ಜೀವದ ಮೇಲೆ ವಿಮೆಯೋ ಅವರೇ ಫಾರಂ ಓದಿ ಸಹಿ ಹಾಕಬೇಕು, ವೈದ್ಯಕೀಯ ತಪಾಸಣೆಗೆ ಒಪ್ಪಬೇಕು. ಇಂಗ್ಲಿಷಿನಲ್ಲಲ್ಲದೆ ಬೇರೆ ಭಾಷೆಯಲ್ಲಿ ಸಹಿ ಮಾಡುವವರಾದರೆ ಕೊನೆಯ ಪುಟದಲ್ಲಿ ಇನ್ನೊಂದು ಘೋಷಣೆ ಇರುತ್ತದೆ. ಫಾರಂನಲ್ಲಿರುವುದನ್ನೆಲ್ಲ ಇವರ ಭಾಷೆಯಲ್ಲಿ ವಿವರಿಸಿದ್ದೇನೆ, ಇವರಿಗೆ ಪೂರ್ತಿ ಅರ್ಥವಾಗಿದೆ ಎಂದು ವಿವರಿಸಿದವರು ಬರೆದು ಸಹಿ ಹಾಕಬೇಕು.

ನಾನು ಫಾರಂ ಹಿಡಿದು ಟೂಲ್‌ರೂಮಿಗೆ ಹೋದ ದಿನ ಗ್ರಾಹಕರ ಕಡೆಯಿಂದ ಆಡಿಟ್ ತಂಡ ಬಂದಿತ್ತು. ಜನರಲ್ ಮ್ಯಾನೇಜರ್ ತಮ್ಮ ಗಾಜಿನ ಕ್ಯಾಬಿನ್‌ನಲ್ಲಿ ನಿಂತೇ ಇದ್ದರು, ಒಂದು ಕೈಯಲ್ಲಿ ಅಳತೆ ನೋಡುವ ವರ್ನಿಯರ್.

"ಏನ್ರಿ ಮೇಡಂ ಇದು, ಇಷ್ಟು ದಪ್ಪ?"

"ಕಂಪನಿ ಕಡೆಯಿಂದ ನಿಮ್ಮ ಮೇಲೆ ಇನ್ಶೂರೆನ್ಸ್ ಸರ್. ಬ್ಯಾಂಕ್‌ನವರು ಕೇಳಿದಾರೆ. ಫಾರ್ಮಾಲಿಟಿ."

"ನಮ್ಮ ಮನಿಯವ್ರಿಗೆ ಏನರ ಬರತೈತೇನ್ರಿ ಇದರಾಗ?"

"ಇಲ್ಲ ಸರ್, ಇದು ಕಂಪನಿಗೆ. ಮನೆಯವರಿಗೆ ಗ್ರೂಪ್ ಪಾಲಿಸಿ ಬೇರೆ ಇದೆ ಅಲ್ವಾ."

ಅವರು ನಕ್ಕರು. "ಅಂದ್ರ ನಾ ಸತ್ರ ಸಾಹೇಬ್ರಿಗೆ ಲಾಭ."

"ಸರ್, ಹಾಗೆಲ್ಲ ಮಾತಾಡ್ಬೇಡಿ."

"ಚಾಷ್ಟಿ ಮಾಡಿದೆ ಬಿಡ್ರಿ. ಎಲ್ಲೆಲ್ಲಿ ಮಾಡ್ಬೇಕು ತೋರಸ್ರಿ. ನೀವು ತಂದೀರಂದ್ರ ನೋಡೂದೇನೈತಿ."

ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟಿದ್ದ ಏಳು ಜಾಗಗಳಲ್ಲಿ ಅವರು ಏಳು ಸಹಿ ಹಾಕಿದರು. ನಾನು ನನ್ನ ಕೊಠಡಿಗೆ ಬಂದು ವಿವರಿಸಿದವರ ಸಹಿ ಎಂಬಲ್ಲಿ ನನ್ನ ಸಹಿ ಹಾಕಿದೆ. ಒಂದು ಪುಟವನ್ನೂ ಅವರಿಗೆ ಓದಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಓದಿರಲಿಲ್ಲ.

ತಪಾಸಣೆ ನಾಗಸಂದ್ರ ಮೆಟ್ರೋ ಹತ್ತಿರದ ಒಂದು ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ. ಬೆಳಿಗ್ಗೆ ಉಪವಾಸ ಹೋಗಿ ರಕ್ತ ಕೊಡಬೇಕು, ಇಸಿಜಿ, ಆಮೇಲೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಿಕ್ಕಾಗ ಹೇಗಾಯಿತು ಎಂದು ಕೇಳಿದೆ.

"ಅರ್ಧಕ್ಕ ನಿಲ್ಲಿಸಿದ್ರು ನೋಡ್ರಿ. ಮಷೀನ್ ಕೆಟ್ಟಿರಬೇಕು. ಬೆಲ್ಟ್ ಒಂದ್ ಕಡೆ ಎಳೀತಿತ್ತು, ಟೆನ್ಷನ್ ಸರಿ ಮಾಡಸ್ರಿ ಅಂತ ಆ ಹುಡುಗಿಗೆ ಹೇಳಿ ಬಂದೆ."

"ರಿಪೋರ್ಟ್ ಕೊಟ್ರಾ?"

"ಕೇಳಿದೆ. ಅದು ಇನ್ಶೂರೆನ್ಸ್‌ನವ್ರಿಗೆ ಹೋಗತೈತಿ, ನಿಮಗ ಕೊಡೂದಿಲ್ಲ ಅಂದ್ರು."

ಹದಿನೈದು ದಿನಗಳ ನಂತರ, ಒಂದು ಸೋಮವಾರ, ಬ್ರೋಕರ್‌ನಿಂದ ಮೇಲ್ ಬಂತು. ವಿಮಾ ಕಂಪನಿಯ ಪತ್ರ ಮೂರೇ ಸಾಲು. ವೈದ್ಯಕೀಯ ಕಾರಣಗಳಿಂದ ಪ್ರಸ್ತಾವವನ್ನು ಒಪ್ಪಲಾಗುತ್ತಿಲ್ಲ. ಅದರ ಜೊತೆ ತಪಾಸಣೆಯ ವರದಿಯೂ ಇತ್ತು. ಟ್ರೆಡ್‌ಮಿಲ್ ಪರೀಕ್ಷೆಯ ಹಾಳೆಯ ಕೊನೆಯಲ್ಲಿ, ಹೃದಯಕ್ಕೆ ರಕ್ತ ಸಾಲದಿರುವ ಲಕ್ಷಣ ಸ್ಪಷ್ಟವಾಗಿದೆ, ಕೂಡಲೇ ಹೃದ್ರೋಗ ತಜ್ಞರನ್ನು ಕಾಣಬೇಕು ಎಂದಿತ್ತು. ಮೇಲ್ ಬಂದದ್ದು ಎಂಡಿಯವರಿಗೆ ಮತ್ತು ನನಗೆ. ಯಾರ ಹೃದಯವೋ ಅವರಿಗಲ್ಲ.

ಎಂಡಿಯವರು ಕರೆಸಿದರು. ಅವರು ಕೆಟ್ಟ ಮನುಷ್ಯ ಎಂದು ಹೇಳಿಬಿಟ್ಟರೆ ನನಗೆ ಸುಲಭ. ತಂದೆ ಕಟ್ಟಿದ ಕಾರ್ಖಾನೆಯನ್ನು ಕೆಟ್ಟ ಕಾಲದಲ್ಲೂ ಮುಚ್ಚದೆ ನಡೆಸಿದವರು, ಆಗ ಒಬ್ಬರನ್ನೂ ಮನೆಗೆ ಕಳಿಸದವರು. ಅಂದು ಅವರ ಮುಖ ಬಿಳಿಚಿಕೊಂಡಿತ್ತು.

"ಇದನ್ನ ಸದ್ಯಕ್ಕೆ ನಮ್ಮಿಬ್ರಲ್ಲೇ ಇಟ್ಕೊಳ್ಳೋಣ," ಎಂದರು.

"ಸರ್, ಕೂಡಲೇ ಡಾಕ್ಟರ್ ನೋಡ್ಬೇಕು ಅಂತ ಬರ್ದಿದೆ."

"ಓದ್ದೆ. ಮುಂದಿನ ಮಂಗಳವಾರ ಹೊಸ ಡೈ ಟ್ರಯಲ್ ಇದೆ. ಕಸ್ಟಮರ್ ಇಲ್ಲೇ ಕೂತಿರ್ತಾರೆ. ಈಗ ಹೇಳಿದ್ರೆ ಇವ್ರು ಆಸ್ಪತ್ರೆ ಸೇರ್ತಾರೆ, ಆರ್ಡರ್ ಹೋಗತ್ತೆ, ಆರ್ಡರ್ ಇಲ್ದೆ ಬ್ಯಾಂಕ್‌ನವ್ರು ಮುಖ ನೋಡಲ್ಲ. ಇನ್ನೂರೈವತ್ತು ಜನ ಇದಾರೆ ಇಲ್ಲಿ. ನಾನೇನ್ ರಾಕ್ಷಸ ಅಲ್ಲ ಮೇಡಂ. ಟ್ರಯಲ್ ಮುಗೀಲಿ, ನಾನೇ ಕೂರಿಸಿ ಹೇಳ್ತೀನಿ, ಒಳ್ಳೆ ಆಸ್ಪತ್ರೆಗೇ ಕಳಿಸ್ತೀನಿ."

ನಾನು ಹೂಂ ಎಂದೆ. ಅದರ ನಂತರ ಅವರು ಇನ್ನೊಂದು ಮಾತು ಹೇಳಿದರು. ಇವರ ಮೇಲೆ ಪಾಲಿಸಿ ಸಿಗದಿದ್ದರೆ ಬ್ಯಾಂಕಿಗೆ ಇನ್ನೊಂದು ಹೆಸರು ಕೊಡಬೇಕು, ಚಿಕ್ಕ ವಯಸ್ಸಿನ ಟೂಲಿಂಗ್ ಹೆಡ್ ಒಬ್ಬರನ್ನು ಹುಡುಕಿ, ಸದ್ದಿಲ್ಲದೆ.

ಹುಡುಕಲು ಕೂತೆ. ಹೊಸ ಅಭ್ಯರ್ಥಿಯಲ್ಲಿ ಏನೇನು ಇರಬೇಕು ಎಂಬ ಪಟ್ಟಿಗಾಗಿ ಯೋಚಿಸಬೇಕಾಗಲಿಲ್ಲ. ಅವರು ಯಾಕೆ ಅನಿವಾರ್ಯ ಎಂದು ಬರೆದಿದ್ದ ಎರಡು ಪುಟಗಳಿಂದ ನಕಲು ಮಾಡಿದೆ. ವೈಟ್‌ಫೀಲ್ಡ್, ದೊಡ್ಡನೆಕ್ಕುಂದಿ ಕಡೆಯ ಕಾರ್ಖಾನೆಗಳಲ್ಲಿ ಇದ್ದವರು ಕೆಲವರು ಆಸಕ್ತಿ ತೋರಿಸಿದರು.

ಆ ದಿನಗಳಲ್ಲಿ ಟೂಲ್‌ರೂಮಿನ ಯಜಮಾನರನ್ನು ನೋಡುವುದು ಕಷ್ಟವಾಗಿತ್ತು. ಡಿಸೈನ್ ವಿಭಾಗ ಮೇಲಿತ್ತು, ಟೂಲ್‌ರೂಂ ಕೆಳಗೆ. ದಿನಕ್ಕೆ ಹದಿನೈದು ಸಲ ಕಬ್ಬಿಣದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ನಾನು ಮೆಟ್ಟಿಲಿನ ಸದ್ದು ಕೇಳಿಸದ ಹಾಗೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಒಮ್ಮೆ ಅವರೇ ಬಾಗಿಲು ತಟ್ಟಿ, "ಮೇಡಂ, ಆ ಇನ್ಶೂರೆನ್ಸ್ ಏನಾತ್ರಿ?" ಎಂದರು. "ಪ್ರೊಸೆಸ್‌ನಲ್ಲಿದೆ ಸರ್," ಎಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ.

ಮಂಗಳವಾರ ಟ್ರಯಲ್ ನಡೆಯಿತು. ಎರಡನೇ ಹೊಡೆತಕ್ಕೆ ತಗಡು ಸಿಕ್ಕಿಕೊಂಡಿತು. ಗ್ರಾಹಕರು ಗಡಿಯಾರ ನೋಡುತ್ತಿದ್ದರು. ಕ್ರೇನ್ ಬೇರೆ ಕಡೆ ಇತ್ತು. ಜನರಲ್ ಮ್ಯಾನೇಜರ್ ಕಾಯಲಿಲ್ಲ. ಇಬ್ಬರು ಹುಡುಗರ ಜೊತೆ ತಾವೂ ಕೈ ಕೊಟ್ಟು ಅಚ್ಚಿನ ಭಾಗವನ್ನು ಎತ್ತಿ ಹೊರಗಿಟ್ಟು, ಮೂಲೆಯನ್ನು ಉಜ್ಜಿ, ಮತ್ತೆ ಕೂರಿಸಿದರು. ಸಂಜೆಯ ಹೊತ್ತಿಗೆ ನೂರು ತುಣುಕು ಒಂದೇ ಅಳತೆಯಲ್ಲಿ ಬಂದವು. ಎಲ್ಲರಿಗೂ ಸಿಹಿ ತರಿಸಲು ಎಂಡಿಯವರು ನನಗೆ ಹೇಳಿದರು. ಮೈಸೂರುಪಾಕಿನ ಡಬ್ಬ ಹಿಡಿದು ಟೂಲ್‌ರೂಮಿಗೆ ಹೋದಾಗ ಜನರಲ್ ಮ್ಯಾನೇಜರ್ ಎಡಗೈಯನ್ನು ತಿಕ್ಕಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತಿದ್ದರು. ಮುಖ ಪೂರ್ತಿ ಬೆವರು.

"ಏನಾಯ್ತು ಸರ್?"

"ಉಳುಕೇತಿ ಕಾಣತೈತ್ರಿ. ವಯಸ್ಸಾತಲ್ಲ."

ನಾನು ಡಬ್ಬ ಮುಂದೆ ಹಿಡಿದೆ. ಅವರು ಒಂದು ತುಂಡು ತೆಗೆದುಕೊಂಡರು. ಅಷ್ಟೇ. ಅಲ್ಲಿ, ಆ ನಿಮಿಷದಲ್ಲಿ, ಹೇಳಬಹುದಿತ್ತು.

ಮರುದಿನ ಎಂಡಿಯವರ ಕೊಠಡಿಗೆ ಹೋಗಿ, "ಸರ್, ಟ್ರಯಲ್ ಮುಗೀತು, ಇವತ್ತು ಹೇಳಿಬಿಡೋಣ," ಎಂದೆ.

ಅವರು ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. "ಮೊದಲನೇ ಲಾಟ್ ಹೋಗ್ಲಿ. ಇನ್ನು ನಾಲ್ಕು ವಾರ. ಬದಲಿ ಜನ ಎಲ್ಲಿವರೆಗೆ ಬಂತು?"

ಅವರು ಹೇಳುವುದೇ ಇಲ್ಲ ಎಂದು ಆಗ ಗೊತ್ತಾಯಿತು. ನಾಲ್ಕು ವಾರದ ನಂತರ ಇನ್ನೊಂದು ಲಾಟ್ ಇರುತ್ತದೆ. ಹೊಸಬರು ಬಂದು ಕೂರುವ ತನಕ ಇವರು ಮೆಟ್ಟಿಲು ಹತ್ತುತ್ತಲೇ ಇರಬೇಕು.

ಗುರುವಾರ ಆ ವಿಮೆಯ ಫೈಲು ತೆಗೆದು ಮೊದಲ ಬಾರಿಗೆ ಪೂರ್ತಿ ಓದಿದೆ. ನಾಲ್ಕನೇ ಪುಟದಲ್ಲಿ, ಅವರ ಮೂರನೇ ಸಹಿಯ ಮೇಲೆ, ಸಣ್ಣ ಅಕ್ಷರದಲ್ಲಿ ಇತ್ತು: ನನ್ನ ಆರೋಗ್ಯದ ಬಗ್ಗೆ ಸಿಗುವ ಮಾಹಿತಿಯನ್ನು ಪ್ರಸ್ತಾವ ಸಲ್ಲಿಸಿದ ಕಂಪನಿಗೆ ಕೊಡಲು ಒಪ್ಪಿದ್ದೇನೆ. ತನ್ನ ರೋಗದ ಸುದ್ದಿ ತನಗಿಂತ ಮೊದಲು ಮಾಲೀಕರಿಗೆ ಮುಟ್ಟಲಿ ಎಂದು ಅವರು ಒಪ್ಪಿದ್ದರು. ಅವರಿಗೆ ಇದು ಪೂರ್ತಿ ಅರ್ಥವಾಗಿದೆ ಎಂದು ನಾನು ಬರೆದುಕೊಟ್ಟಿದ್ದೆ. ನನ್ನ ಸಹಿ ದುಂಡಗೆ, ಅಚ್ಚುಕಟ್ಟಾಗಿತ್ತು.

ಬ್ರೋಕರ್‌ಗೆ ಫೋನ್ ಮಾಡಿದೆ. "ಲೈಫ್ ಯಾರದೋ ಅವರಿಗೆ ರಿಪೋರ್ಟ್ ಸಿಗಲ್ವಾ?"

"ಸಿಗತ್ತೆ ಮೇಡಂ. ಅವರೇ ಬರೆದು ಕೇಳ್ಬೇಕು."

"ಅಂಥದ್ದೊಂದು ಇದೆ ಅಂತಾನೇ ಗೊತ್ತಿಲ್ದೆ ಹೆಂಗ್ರಿ ಕೇಳ್ತಾರೆ?"

"ಅದು ನಿಮ್ಮ ಕಂಪನಿ ವಿಷ್ಯ ಮೇಡಂ. ನನ್ನ ಮಧ್ಯ ತರಬೇಡಿ."

ಅವರ ಪರವಾಗಿ ಕನ್ನಡದಲ್ಲಿ ಒಂದು ಅರ್ಜಿ ಬರೆದೆ: ನನ್ನ ತಪಾಸಣೆಯ ವರದಿಗಳನ್ನು ನನಗೆ ಕೊಡಿ. ಇನ್ನೊಂದು ಹಾಳೆಯಲ್ಲಿ ಫಾರಂನ ಷರತ್ತುಗಳನ್ನು ಒಂದೊಂದಾಗಿ ಕನ್ನಡಕ್ಕೆ ಇಳಿಸಿದೆ. ಅವತ್ತು ಮಾಡಬೇಕಾಗಿದ್ದ ಕೆಲಸ. ಇಡೀ ಫಾರಂ ಕನ್ನಡಕ್ಕೆ ಬರಲು ನಲವತ್ತು ನಿಮಿಷ ಹಿಡಿಯಿತು.

ಶುಕ್ರವಾರ ಬೆಳಿಗ್ಗೆ ಟೀ ಹೊತ್ತಿಗೆ ಕ್ಯಾಬಿನ್‌ಗೆ ಹೋಗಿ ಬಾಗಿಲು ಹಾಕಿದೆ. ಹೊರಗೆ ಗ್ರೈಂಡಿಂಗ್ ಮಷೀನಿನ ಸದ್ದು. ಅವರು ಲೋಟ ಕೆಳಗಿಟ್ಟರು. ನಾನು ಮೊದಲು ವರದಿ ಕೊಟ್ಟೆ, ಕೊನೆಯ ಸಾಲನ್ನು ಕನ್ನಡದಲ್ಲಿ ಹೇಳಿದೆ. ಆಮೇಲೆ ಷರತ್ತುಗಳ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಅವರು ಡ್ರಾಯಿಂಗ್ ನೋಡುವಂತೆ ಆ ಇಸಿಜಿ ಗೆರೆಗಳನ್ನು ನೋಡುತ್ತ ಕೂತಿದ್ದರು.

"ಇದು ಬಂದು ಎಷ್ಟು ದಿನ ಆತ್ರಿ?"

"ಹನ್ನೊಂದು ದಿನ."

"ಸಾಹೇಬ್ರಿಗೆ ಗೊತ್ತೈತಿ?"

"ಗೊತ್ತಿದೆ."

"ನಿಮಗೂ."

ನಾನು ತಲೆ ಆಡಿಸಿದೆ. ಅವರು ವರದಿಯ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದರು. ಬೈದಿದ್ದರೆ ಚೆನ್ನಾಗಿತ್ತು.

"ನೀವು ಅವತ್ತ ಓದಿ ಹೇಳಿದ್ರೂ ನಾ ಸಹಿ ಮಾಡ್ತಿದ್ನ್ರಿ ಮೇಡಂ," ಎಂದರು ಕೊನೆಗೆ. "ಕಂಪನಿಗೆ ಬೇಕಾಗೈತಿ ಅಂದ್ರ ಯಾಕ ಬ್ಯಾಡ ಅಂತಿದ್ದೆ? ಒಂದ್ ಮಾತು ಕೇಳಿದ್ರ ಸಾಕಿತ್ತು."

ವರದಿಯನ್ನು ವಿಮಾ ಕಂಪನಿಯಿಂದಲೂ ಅಧಿಕೃತವಾಗಿ ಕೇಳಲು ನಾನು ಬರೆದಿದ್ದ ಅರ್ಜಿಗೆ ಸಹಿ ಹಾಕಿದರು. ಈ ಸಲ ಓದಿ ಹಾಕಿದರು. ಎದ್ದು ಕೈ ತೊಳೆದುಕೊಂಡು ಬಂದು, ಸಹಾಯಕನನ್ನು ಕರೆದು, ಯಾವ ಡೈ ಯಾವ ಹಂತದಲ್ಲಿದೆ ಎಂದು ಹದಿನೈದು ನಿಮಿಷ ವಿವರಿಸಿದರು. ನಾನು ಆಸ್ಪತ್ರೆಗೆ ಜೊತೆಗೆ ಬರುತ್ತೇನೆ ಎಂದೆ. "ಬ್ಯಾಡ್ರಿ," ಎಂದರು. ಗೇಟಿನವರೆಗೆ ನಿಧಾನವಾಗಿ, ಹೆಜ್ಜೆಯನ್ನು ನಂಬದವರಂತೆ, ನಡೆದುಹೋದರು.

ಸರ್ಕಾರಿ ಹೃದ್ರೋಗ ಆಸ್ಪತ್ರೆಯಲ್ಲಿ ಅಂದೇ ಅಡ್ಮಿಟ್ ಮಾಡಿಕೊಂಡರು. ಮೂರು ಕಡೆ ರಕ್ತನಾಳ ಕಟ್ಟಿತ್ತು. ವಾರದೊಳಗೆ ಬೈಪಾಸ್ ಆಯಿತು. ಬದುಕಿಕೊಂಡರು. ಆದರೆ ಹೃದಯದ ಒಂದು ಭಾಗ ಆಗಲೇ ಸೋತಿದೆ, ಈಚೆಗೆ ಒಂದು ಸಣ್ಣ ಆಘಾತ ಆಗಿಹೋಗಿದೆ, ಹಿಂದಿನ ಎರಡು ವಾರದಲ್ಲಿ ಎದೆಯಲ್ಲೋ ಕೈಯಲ್ಲೋ ನೋವು ಬಂದಿತ್ತೇ ಎಂದು ವೈದ್ಯರು ಕೇಳಿದರಂತೆ. ಅವರು ಟ್ರಯಲ್ ದಿನದ ಉಳುಕು ಹೇಳಿದರಂತೆ. ಅದು ಉಳುಕಾಗಿರಲಿಲ್ಲ.

ನನಗೆ ಮರುವಾರ ನೋಟಿಸ್ ಬಂತು. ಕಂಪನಿಯ ಗೌಪ್ಯ ಮಾಹಿತಿಯನ್ನು ಬಹಿರಂಗಪಡಿಸಿದ್ದಕ್ಕೆ ಕಾರಣ ಕೇಳಿ. ಆ ನೋಟಿಸಿನ ನಮೂನೆ ನಾನೇ ಎರಡು ವರ್ಷದ ಹಿಂದೆ ತಯಾರಿಸಿದ್ದು. ಅವರ ಹೃದಯದ ವರದಿ ಕಂಪನಿಯ ಗುಟ್ಟು ಹೇಗಾಗುತ್ತದೆ ಎಂದು ಎಂಡಿಯವರನ್ನೇ ಕೇಳಿದೆ.

"ಅವರೇ ಸೈನ್ ಮಾಡಿ ಕೊಟ್ಟಿದಾರಲ್ಲ ಮೇಡಂ. ನೀವೇ ಎಕ್ಸ್‌ಪ್ಲೇನ್ ಮಾಡಿದೀರಿ ಅಂತ ಬರ್ದಿದೀರಿ."

"ನಾನು ಮಾಡಿರ್ಲಿಲ್ಲ ಸರ್. ಅದನ್ನ ಲಿಖಿತದಲ್ಲೇ ಕೊಡ್ತೀನಿ."

"ಕೊಡಿ. ಸುಳ್ಳು ಡಿಕ್ಲರೇಶನ್ ಕೊಟ್ಟೋರು ಕಂಪನಿ ಅಲ್ಲ, ನೀವು." ಅವರು ದನಿ ಏರಿಸಲಿಲ್ಲ. "ರಾಜೀನಾಮೆ ಕೊಟ್ರೆ ಇಬ್ರಿಗೂ ಮರ್ಯಾದೆ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ಸಂಕಟ. ನೋಟಿಸಿಗೆ ಉತ್ತರವಾಗಿ ನಡೆದದ್ದನ್ನೆಲ್ಲ, ಓದದೆ ಸಹಿ ಹಾಕಿದ್ದೂ ಸೇರಿ, ಬರೆದೆ. ಅದರ ಒಂದು ಪ್ರತಿ ವಿಮಾ ಕಂಪನಿಗೆ ಕಳಿಸಿದೆ. ಎಂಡಿಯವರಿಗೆ ಕೊಟ್ಟ ಪ್ರತಿಯ ಜೊತೆ ರಾಜೀನಾಮೆಯನ್ನೂ ಲಗತ್ತಿಸಿದೆ. ವಿಮಾ ಕಂಪನಿಯಿಂದ ಇವತ್ತಿನವರೆಗೆ ಬಂದಿರುವುದು ನಿಮ್ಮ ಪತ್ರ ತಲುಪಿದೆ ಎಂಬ ಒಂದು ಮೇಲ್ ಮಾತ್ರ.

ಉಳಿದದ್ದನ್ನು ಆಮೇಲೆ ಕೇಳಿ ತಿಳಿದೆ. ದೊಡ್ಡನೆಕ್ಕುಂದಿಯಿಂದ ಬಂದ ಹೊಸ ಟೂಲಿಂಗ್ ಹೆಡ್ ಮೂವತ್ತೆಂಟು ವರ್ಷದವರು, ದಿನಾ ಬೆಳಿಗ್ಗೆ ಓಡುವವರು. ಇಂಗ್ಲಿಷಿನಲ್ಲಿ ಸಹಿ ಮಾಡುವವರಾದ್ದರಿಂದ ಅವರಿಗೆ ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ. ಪಾಲಿಸಿ ಬಂತು, ಸಾಲ ಬಂತು, ಮಾದನಾಯಕನಹಳ್ಳಿಯಲ್ಲಿ ಶೆಡ್ ಎದ್ದಿತು. ಹಳೆಯ ಜನರಲ್ ಮ್ಯಾನೇಜರ್ ಮೂರು ತಿಂಗಳ ರಜೆ ಮುಗಿಸಿ ಕೆಲಸಕ್ಕೆ ಹೋದರು. ಸಲಹೆಗಾರರು ಎಂದು ಹೊಸ ಹುದ್ದೆ ಕೊಟ್ಟಿದ್ದರು. ಡ್ರಾಯಿಂಗ್‌ಗಳಿರುವ ಸರ್ವರಿಗೆ ಅವರ ಪಾಸ್‌ವರ್ಡ್ ನಡೆಯುತ್ತಿರಲಿಲ್ಲ. ಮೀಟಿಂಗ್ ಕೊಠಡಿಯ ಪಕ್ಕ ಒಂದು ಕುರ್ಚಿ. ಯಾರೂ ಸಲಹೆ ಕೇಳಲಿಲ್ಲ. ಒಂದು ತಿಂಗಳು ಕೂತು, ಬಿಟ್ಟು ಬಂದರು.

ಅವರ ಮನೆಗೆ ಹೋಗಲು ನನಗೆ ಇನ್ನೂ ಎರಡು ತಿಂಗಳು ಬೇಕಾಯಿತು. ನಾಗಸಂದ್ರದ ಹಿಂದಿನ ಬಡಾವಣೆಯಲ್ಲಿ ಮೊದಲ ಮಹಡಿ. ಮೆಟ್ಟಿಲು ಹತ್ತುವುದು ಕಷ್ಟವಾಗಿ ಕೆಳಗಿನ ಮನೆ ಕೊಡಿ ಎಂದು ಮನೆ ಮಾಲೀಕರನ್ನು ಕೇಳಿದ್ದಾರಂತೆ. ತೆಳ್ಳಗಾಗಿದ್ದರು. ಕಾರ್ಖಾನೆಯ ಸುದ್ದಿ ಎತ್ತಲಿಲ್ಲ. ಅವರ ಹೆಂಡತಿ ಮಂಡಕ್ಕಿಯ ಗಿರಮಿಟ್ಟು ಮಾಡಿ ಕೊಟ್ಟರು. ತಟ್ಟೆ ಖಾಲಿಯಾಗುವ ಮೊದಲೇ ಇನ್ನಷ್ಟು ಹಾಕಿದರು. ಸರ್ ಮಲಗುವ ಹೊತ್ತಾಯಿತೆಂದು ನಾನು ಎದ್ದೆ.

ಹೆಂಡತಿ ಕೆಳಗಿನ ಗೇಟಿನವರೆಗೆ ಬಂದರು. ಚಿಲಕ ತೆಗೆಯಲಿಲ್ಲ. ಅದರ ಮೇಲೆ ಕೈಯಿಟ್ಟು ನಿಂತರು.

"ಮೇಡಂ, ಒಂದ್ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹನ್ನೊಂದ್ ದಿನ ಯಾಕ ಸುಮ್ನಿದ್ರಿ?"

ಆ ಪ್ರಶ್ನೆಗೆ ಉತ್ತರಗಳನ್ನು ನಾನು ತಯಾರು ಮಾಡಿಟ್ಟುಕೊಂಡಿದ್ದೆ. ನಿಯಮ, ಗೌಪ್ಯತೆ, ಎಂಡಿಯವರು ಕೊಟ್ಟ ಮಾತು.

"ಕೆಲ್ಸ ಹೋಗತ್ತೆ ಅಂತ ಹೆದರಿಕೆ ಆಯ್ತು," ಎಂದೆ.

ಅವರು ನನ್ನನ್ನೇ ನೋಡಿದರು. ಕೋಪ ಕಾಣಲಿಲ್ಲ.

"ಹೆಂಗಿದ್ರೂ ಹೋತಲ್ರಿ," ಎಂದರು. ಆಮೇಲೆ ಚಿಲಕ ತೆಗೆದರು.